ಸಭೆಯ ಗೋಡೆಗೆ ತೂಗುಹಾಕಿದ ಎರಡು ಕೊಬ್ಬರಿ

ಮಾನ್ಯ ಗಂಗಾಧರಪ್ಪನವರೇ,

ಹಾರನಹಳ್ಳಿಯ ಗೋಡೌನನ್ನು ಮುಚ್ಚಿಸಿದವನು ನಾನು. ಅದಕ್ಕೆ ತಮ್ಮ ಅಲಕ್ಷ್ಯ ಕಾರಣವಲ್ಲ, ಆ ವರ್ಷದ ಕೊಬ್ಬರಿಯೂ ಕಾರಣವಲ್ಲ — ನಾನು ಬರೆದ ಒಂದು ಚಿತ್ರ ಕಾರಣ. ಆ ಚಿತ್ರ ನೋಡುವವರ ಕಣ್ಣಿಗೆ ಮೋಸ ಮಾಡುತ್ತದೆಂದು ಸಭೆಗೆ ಮೊದಲೇ ನನಗೆ ತಿಳಿದಿತ್ತು. ತಿಳಿದೂ ತೂಗುಹಾಕಿದೆ. ಮಂಡಿಯ ಯಜಮಾನರು ಕೇಳಿದಾಗ, ತಿಳಿದೂ, ಸರಿಯಾಗಿದೆ ಎಂದೆ.

ಈ ಸಂಗತಿಯನ್ನು ಮೊದಲಿಗೇ ಬರೆದುಬಿಟ್ಟಿರುವುದು, ಬರೆಯುತ್ತ ಹೋದಂತೆ ನನ್ನ ಧೈರ್ಯ ಕುಂದೀತೆಂಬ ಭಯದಿಂದ. ಇದುವರೆಗೆ ನಾನು ಬರೆದಿರುವುದೆಲ್ಲ ಮಂಡಿಯ ಪತ್ರಗಳು — ಸರಕು ತಲುಪಿದೆ, ಲಾರಿ ತಡವಾಗಿದೆ, ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇವೆ. ಸ್ವಂತ ಮಾತನ್ನು ಕಾಗದದ ಮೇಲೆ ಇಟ್ಟವನಲ್ಲ. ಆದಕಾರಣ ಬರವಣಿಗೆಯಲ್ಲಿ ಎಡವಿದರೆ ಅನನುಭವವೆಂದು ತಿಳಿಯತಕ್ಕದ್ದು; ಸಂಗತಿಯಲ್ಲಿ ಎಡವದಂತೆ ನೋಡಿಕೊಳ್ಳುತ್ತೇನೆ. ತಮಗೆ ತಿಳಿದಿರುವುದನ್ನೂ ವಿವರವಾಗಿ ಬರೆಯುತ್ತಿದ್ದೇನೆ. ತಮ್ಮ ಮನೆಯವರು ಓದಿದರೂ ಯಾರಿಂದ ಏನಾಯಿತೆಂಬುದು ಅವರಿಗೆ ಸ್ಪಷ್ಟವಾಗಬೇಕು.

ನನ್ನನ್ನು ಅರಸೀಕೆರೆಯ ಕೊಬ್ಬರಿ ಮಂಡಿಗೆ ಸೇರಿಸಿದವರು ತಾವೇ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಯಾವ ಶಾಲೆಯಲ್ಲಿಯೂ ಕೆಲಸ ಸಿಗದೆ, ಹಳೇಬೀಡಿನ ಮನೆಯ ಜಗಲಿಯಲ್ಲಿ ಕುಳಿತಿದ್ದವನು ನಾನು. ನಮ್ಮ ತಂದೆಯವರ ಕೊಬ್ಬರಿ ಕೊಳ್ಳಲು ಬಂದಿದ್ದ ತಾವು, ನಾನು ಬರೆದಿದ್ದ ಬಸದಿಯ ಕಂಬದ ಚಿತ್ರವನ್ನು ನೋಡಿ, "ಈ ಪಾಟಿ ಕೈ ಇಟ್ಕೊಂಡು ನೊಣ ಹೊಡೀತಾ ಕೂತಿದೀಯಲ್ಲೋ, ಬಾ ನನ್ ಜೊತೆ" ಎಂದು ಬಸ್ಸಿಗೆ ಹತ್ತಿಸಿಕೊಂಡು ಹೋದಿರಿ. ಯಜಮಾನರ ಮುಂದೆ ನಿಲ್ಲಿಸಿದಿರಿ. ಗುಮಾಸ್ತನ ಕೆಲಸ ಕೊಡಿಸಿದಿರಿ. ಇಡೀ ಕೊಬ್ಬರಿಯನ್ನು — ಗಿಟುಕನ್ನು — ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಣಗಿದೆಯೋ ಇಲ್ಲವೋ ಹೇಳುವುದನ್ನು ಕಲಿಸಿದಿರಿ. ರಾಶಿಯನ್ನು ನೋಡಿದೊಡನೆ ತೂಕ ಹೇಳುವುದನ್ನೂ ಕಲಿಸಲು ಪ್ರಯತ್ನಿಸಿದಿರಿ. ಅದು ನನಗೆ ಬರಲಿಲ್ಲ. ತಮಗೆ, ಯಜಮಾನರಿಗೆ, ಇತರ ಪಾಲುದಾರರಿಗೆ ಅದು ಉಸಿರಾಡಿದಷ್ಟು ಸಹಜವಾಗಿತ್ತು. ಗಿಟುಕನ್ನು ಕಂಡರೆ ಸಾಕು, ಅದರ ಭಾರ ನಿಮ್ಮೆಲ್ಲರ ಅಂಗೈಗೆ ಬಂದುಬಿಡುತ್ತಿತ್ತು. ತಕ್ಕಡಿಯ ಸರದಿ ಆಮೇಲೆ.

ಈ ವಿಷಯವನ್ನು ಇಲ್ಲಿಯೇ ಹೇಳಿರುವುದು ಏಕೆಂದರೆ, ನನ್ನ ಚಿತ್ರ ಮೋಸ ಮಾಡಿದ್ದು ಆ ಕಣ್ಣುಗಳಿಗೆ. ಕೊಬ್ಬರಿ ಅರಿಯದವರು ನೋಡಿದ್ದರೆ ಪ್ರಾಯಶಃ ಅಷ್ಟು ಮೋಸ ಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಂಡಿಗೆ ಎರಡು ಖರೀದಿ ಗೋಡೌನುಗಳಿದ್ದವು — ಒಂದು ಗಂಡಸಿಯಲ್ಲಿ, ಇನ್ನೊಂದು ತಮ್ಮ ಸುಪರ್ದಿನಲ್ಲಿ ಹಾರನಹಳ್ಳಿಯಲ್ಲಿ. ಆ ಮಳೆಗಾಲದಲ್ಲಿ ಹಾರನಹಳ್ಳಿಯ ಆಚೆ ಹಳ್ಳದ ಸೇತುವೆ ಕುಸಿದು, ಆ ಕಡೆಯ ಹಳ್ಳಿಗಳ ಗಾಡಿಗಳು ಬರುವುದು ನಿಂತಿತ್ತು. ಆದರೂ ಗಂಡಸಿಗೆ ಮೂರು ಗಾಡಿ ಬಂದರೆ ತಮ್ಮಲ್ಲಿಗೆ ಎರಡು ಬರುತ್ತಿತ್ತು. ಸೇತುವೆ ಆದ ಮೇಲೆ ಸರಿಹೋಗುವ ಕೊರತೆ ಅದು. ಮ್ಯಾನೇಜರ್ ಕೃಷ್ಣಮೂರ್ತಿಯವರು ಮಾತ್ರ ಎರಡು ಗೋಡೌನುಗಳ ಮೇಲ್ವಿಚಾರಣೆ ಬೇಡವೆಂದು ನಿಶ್ಚಯಿಸಿದ್ದರು. ಪಾಲುದಾರರ ಸಭೆಯಲ್ಲಿ ಹಾರನಹಳ್ಳಿಯನ್ನು ಮುಚ್ಚುವ ಸೂಚನೆ ಮಂಡಿಸಲು ಒಂದು ಚಿತ್ರ ಬೇಕೆಂದು ನನ್ನನ್ನು ಕರೆದರು.

"ಬೆಂಗಳೂರಲ್ಲಿ ನೋಡ್ಕೊಂಡ್ ಬಂದೆ ಕಣ್ರೀ," ಎಂದರು. "ದೊಡ್ಡ ಕಂಪನಿಗಳಲ್ಲಿ ಯಾರೂ ಅಂಕಿ ಓದಲ್ಲ. ಗೋಡೆ ಮೇಲೆ ಚಿತ್ರ ಹಾಕ್ತಾರೆ. ನೋಡ್ತಾರೆ, ತೀರ್ಮಾನ ಮಾಡ್ತಾರೆ, ಎದ್ದು ಹೋಗ್ತಾರೆ. ನೀವು ಡ್ರಾಯಿಂಗ್ ಕಲ್ತೋರು. ಬರೀರಿ ನೋಡೋಣ."

ನಾನು ಮೊದಲು ಬರೆದದ್ದು ಸರಿಯಾಗಿಯೇ ಇತ್ತು. ಒಂದೇ ಗಾತ್ರದ ಪುಟ್ಟ ಗಿಟುಕುಗಳು — ಗಂಡಸಿಗೆ ಮೂರು ಸಾಲು, ಹಾರನಹಳ್ಳಿಗೆ ಎರಡು ಸಾಲು. ಮ್ಯಾನೇಜರು ನೋಡಿ ಮೂಗು ಮುರಿದರು.

"ಇದೇನ್ರೀ ಇದು, ಅಂಗಡಿ ಮುಂದೆ ಜೋಡಿಸಿಟ್ಟ ಹಾಗೆ? ಇದನ್ನ ನೋಡಿದ್ರೆ ಎರಡೂ ಕಡೆ ಚೆನ್ನಾಗೇ ನಡೀತಿದೆ ಅಂತಾರೆ. ಮುಚ್ಚೋದು ಯಾತಕ್ಕೆ ಅಂತ ನನ್ನನ್ನೇ ಕೇಳ್ತಾರೆ."

ಇಲ್ಲಿಯವರೆಗೆ ತಪ್ಪು ಅವರದೆಂದು ತಮಗೆ ತೋರಬಹುದು. ಆದರೆ ಮುಂದಿನ ಉಪಾಯವನ್ನು ಅವರು ಹೇಳಿಕೊಡಲಿಲ್ಲ, ಅದು ನನ್ನದು. ಸಾಲುಗಳನ್ನು ಬಿಟ್ಟು, ಒಂದೊಂದು ಗೋಡೌನಿಗೆ ಒಂದೊಂದೇ ದೊಡ್ಡ ಕೊಬ್ಬರಿ ಬರೆಯುತ್ತೇನೆ ಎಂದೆ. ಗಂಡಸಿಯದು ಮೂರು ಪಾಲು ಎತ್ತರ, ಹಾರನಹಳ್ಳಿಯದು ಎರಡು ಪಾಲು ಎತ್ತರ. ಅವರು ಮೇಜು ಕುಟ್ಟಿ, "ಹಾಂ! ಇದು ಮಾತು!" ಎಂದರು. ಆ ಮೇಜು ಕುಟ್ಟಿದ ಶಬ್ದ ನನಗೆ ಎಷ್ಟು ಹಿತವಾಯಿತೆಂದು — ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕಾಗಿದೆ.

ಡ್ರಾಯಿಂಗ್ ಷೀಟುಗಳನ್ನು ಮೈದಾ ಅಂಟಿನಿಂದ ಜೋಡಿಸಿ, ಸ್ಕೇಲಿಟ್ಟು ಅಳತೆ ಗುರುತು ಮಾಡಿ, ಆ ಎರಡು ಕೊಬ್ಬರಿಗಳನ್ನು ಬರೆದೆ. ಚಪ್ಪಟೆಯಾಗಿ ಬರೆಯಲಿಲ್ಲ. ಒಂದು ಮಗ್ಗುಲಿಗೆ ಬೆಳಕು, ಇನ್ನೊಂದು ಮಗ್ಗುಲಿಗೆ ನೆರಳು. ಸಿಪ್ಪೆಯ ಕಂದು ಬಣ್ಣ, ಅದರ ಮೇಲಿನ ಸುಕ್ಕು, ತೊಟ್ಟಿನ ಕಡೆಯ ಚಿಕ್ಕ ತಗ್ಗು — ಕೈಚಾಚಿದರೆ ಎತ್ತಿಕೊಳ್ಳಬಹುದು ಎನ್ನುವಂತೆ. ಅಷ್ಟು ಚೆನ್ನಾಗಿ ನಾನು ಹಿಂದೆಯೂ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ.

ಬರೆದು ಮುಗಿಸಿ, ದೂರ ಸರಿದು ನಿಂತು ನೋಡಿದಾಗ ಮನಸ್ಸಿಗೆ ಏನೋ ಚುಚ್ಚಿತು. ಮೂರಕ್ಕೆ ಎರಡು ಎಂದು ಲೆಕ್ಕ ಹೇಳುತ್ತಿತ್ತು. ಕಣ್ಣು ಹಾಗೆ ಹೇಳುತ್ತಿರಲಿಲ್ಲ. ಹಾರನಹಳ್ಳಿಯದು ಬಡಕಲಾಗಿ, ದೊಡ್ಡದರ ಪಕ್ಕದಲ್ಲಿ ಲೆಕ್ಕಕ್ಕೇ ಬಾರದ ಹಾಗೆ ಕಾಣುತ್ತಿತ್ತು. ಅದು ನನ್ನ ಭ್ರಮೆಯೇ ಎಂದು ಪರೀಕ್ಷಿಸಬೇಕೆನಿಸಿತು. ಎಲ್ಲರೂ ಊಟಕ್ಕೆ ಹೋಗಿದ್ದಾಗ ಮಂಡಿಯ ರಾಶಿಯಿಂದ ಒಂದು ದೊಡ್ಡ ಗಿಟುಕನ್ನು ಆರಿಸಿ ಅಳೆದೆ. ಅದರ ಮೂರು ಪಾಲಿನಲ್ಲಿ ಎರಡು ಪಾಲು ಎತ್ತರವಿರುವ ಚಿಕ್ಕ ಗಿಟುಕುಗಳನ್ನು ಕಸರಿನ — ಆರಿಸಿ ಬೇರೆ ಹಾಕಿದ ಸಣ್ಣ ಕೊಬ್ಬರಿಯ — ರಾಶಿಯಲ್ಲಿ ಹುಡುಕಿದೆ. ತಕ್ಕಡಿಯ ಒಂದು ತಟ್ಟೆಗೆ ದೊಡ್ಡದನ್ನಿಟ್ಟು, ಇನ್ನೊಂದಕ್ಕೆ ಚಿಕ್ಕದನ್ನಿಟ್ಟೆ. ದೊಡ್ಡದು ಅಲುಗಲಿಲ್ಲ. ಎರಡನೆಯ ಚಿಕ್ಕದನ್ನಿಟ್ಟೆ. ಇಲ್ಲ. ಮೂರನೆಯದನ್ನೂ ಇಟ್ಟೆ — ಆಗಲೂ ದೊಡ್ಡದರ ತಟ್ಟೆ ಕೆಳಗೇ ಇತ್ತು.

ನನಗೆ ಅರ್ಥವಾಯಿತು. ಎತ್ತರವನ್ನು ಕಡಿಮೆ ಮಾಡಿದಾಗ ಅಗಲವೂ ಕಡಿಮೆಯಾಗುತ್ತದೆ, ದಪ್ಪವೂ ಕಡಿಮೆಯಾಗುತ್ತದೆ. ಕೊಬ್ಬರಿಯನ್ನು ಕಂಡೊಡನೆ ತೂಕ ಕಾಣುವ ಪಾಲುದಾರರಿಗೆ ಈ ಚಿತ್ರದಲ್ಲಿ ಕಾಣಿಸುವುದು ಮೂರಕ್ಕೆ ಎರಡಲ್ಲ. ಮೂರಕ್ಕೆ ಒಂದೂ ಅಲ್ಲ. ತಮ್ಮ ಗೋಡೌನಿನ ಅರ್ಧಕ್ಕಿಂತ ಹೆಚ್ಚು ಕೊಬ್ಬರಿಯನ್ನು ನಾನು ಬಣ್ಣ ಬಳಿದು ಅಳಿಸಿಹಾಕಿದ್ದೆ.

ತಕ್ಕಡಿಯಿಂದ ಗಿಟುಕುಗಳನ್ನು ತೆಗೆದು ಅವವುಗಳ ರಾಶಿಗೆ ಹಾಕಿದೆ. ಕೈ ಒರೆಸಿಕೊಂಡೆ. ಚಿತ್ರವನ್ನು ಬದಲಿಸಲಿಲ್ಲ.

ಏಕೆ? ನನ್ನ ಕೆಲಸ ಆಗ ಖಾಯಂ ಆಗಿರಲಿಲ್ಲ. ಮ್ಯಾನೇಜರನ್ನು ಎದುರು ಹಾಕಿಕೊಳ್ಳುವ ಧೈರ್ಯವಿರಲಿಲ್ಲ — ಹೀಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳೆಂದಲ್ಲ, ಆದರೆ ಅದು ಪೂರ್ತಿಯಲ್ಲ. ಆ ಚಿತ್ರ ಚೆನ್ನಾಗಿತ್ತು. ಅದನ್ನು ಹರಿದು ಮತ್ತೆ ಪುಟ್ಟ ಪುಟ್ಟ ಸಾಲುಗಳನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ. ಪಾಲುದಾರರೆಲ್ಲ ಅದರ ಮುಂದೆ ಮಾತು ಮರೆತು ಕೂರುವುದನ್ನು ನೋಡಬೇಕೆನಿಸಿತ್ತು. ಯಾವ ಶಾಲೆಯೂ ಬೇಡವೆಂದ ನನ್ನ ಕೈ — ಅದರ ಪ್ರತಾಪವನ್ನು ಒಮ್ಮೆ —

ಮುಂದಿನದನ್ನು ಬರೆಯುತ್ತೇನೆ.

ಸಭೆಯ ದಿನ ತಾವು ಬೆಳಗಿನ ಬಸ್ಸಿಗೇ ಹಾರನಹಳ್ಳಿಯಿಂದ ಬಂದಿದ್ದಿರಿ. ಒಗೆದು ಗಂಜಿ ಹಾಕಿದ ಪಂಚೆ, ಹೆಗಲ ಮೇಲೆ ವಲ್ಲಿ. ನಾನು ಮಂಡಿಯ ಜಗಲಿಯ ಮೇಲೆ ನಿಂತು ಚಿತ್ರದ ಸುರುಳಿಯನ್ನು ಬಟ್ಟೆಯಿಂದ ಮುಚ್ಚಿಕೊಂಡಿದ್ದೆ.

"ಏನ್ಲಾ ಶಾಂತರಾಜ, ಮೊಖ ಯಾಕೆ ಹಿಂಗೆ ಬಾಡೈತೆ? ಮಾವನ ಮನೇಲಿ ಹೆಣ್ಣು ಕೊಡಲ್ಲ ಅಂದ್ರಾ?" ಎಂದು ಬೆನ್ನು ತಟ್ಟಿದಿರಿ. "ಭಯ ಬೀಳ್ಬೇಡ. ಗಂಡಸಿಗೆ ಮೂರ್ ಗಾಡಿ ಬಂದ್ರೆ ನಮಗೆ ಎರಡು ಬತ್ತಾ ಐತೆ. ಆ ಸೇತುವೆ ಒಂದು ಆಗ್ಲಿ, ಅವರ್ನೇ ಹಿಂದೆ ಹಾಕ್ತೀನಿ. ಯಜಮಾನ್ರಿಗೆ ಬಿಡಿಸಿ ಹೇಳ್ತೀನಿ, ಅವ್ರೇನು ತಿಳೀದೋರಾ?"

ಆಗ ಹೇಳಬಹುದಿತ್ತು. ಅಣ್ಣಾ, ಒಳಗೆ ಒಂದು ಚಿತ್ರ ತೂಗುಹಾಕುತ್ತೇನೆ, ಅದನ್ನು ನಂಬಬೇಡಿ — ಇಷ್ಟೇ ಸಾಕಿತ್ತು. ಅದನ್ನು ಬಿಟ್ಟು, "ಒಳಗೆ ಕಾಯ್ತಿದ್ದಾರೆ" ಎಂದೆ.

ಮಾಳಿಗೆಯ ಕೋಣೆಯಲ್ಲಿ ಪಾಲುದಾರರು ಒರಗುದಿಂಬುಗಳಿಗೆ ಆತು ಕುಳಿತಿದ್ದರು. ಟೈಪು ಮಾಡಿಸಿದ ಅಂಕಿಗಳ ಹಾಳೆಯನ್ನು ಪ್ರತಿಯೊಬ್ಬರ ಮುಂದೆಯೂ ಇಡಲಾಗಿತ್ತು. ಅದರ ಮೇಲೆಯೇ ಕಾಫಿ ಲೋಟ ಇಟ್ಟುಕೊಂಡರು. ಮ್ಯಾನೇಜರು ತಲೆಯಾಡಿಸಿದೊಡನೆ ನಾನು ಸುರುಳಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಬಿಡಿಸಿದೆ.

ನಾನು ಬಯಸಿದ್ದ ಮೌನ ಬಂದಿತು. ಮೊದಲು ಬಾಯಿ ತೆರೆದವರು ಪಾಲುದಾರರಲ್ಲಿ ಹಾಸ್ಯದ ಸ್ವಭಾವದವರೊಬ್ಬರು.

"ಗಂಗಾಧರಪ್ಪಾರೇ, ಇದೇನು ಕೊಬ್ಬರೀನೋ ಅಡಿಕೇನೋ? ಎಲೆ ಸುಣ್ಣ ತರಿಸ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಾವು ಅದನ್ನು ನೋಡಿದಿರೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿರದಿದ್ದರೆ ಈಗ ತಿಳಿಯಬೇಕು: ನಾನೂ ನಕ್ಕೆ.

ಯಜಮಾನರು ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿ ಚಿತ್ರವನ್ನೇ ನೋಡುತ್ತಿದ್ದು, ನನ್ನ ಕಡೆ ತಿರುಗಿದರು. "ಏನಯ್ಯಾ, ಅಳತೆ ಸರಿಯಾಗೈತಾ? ಬಣ್ಣ ಹಚ್ಚೋ ಭರದಲ್ಲಿ ಹೆಚ್ಚುಕಮ್ಮಿ ಏನಾರ ಮಾಡಿದೀಯಾ?"

"ಇಲ್ಲ ಯಜಮಾನರೇ. ಸ್ಕೇಲಿಟ್ಟು ಬರೆದಿದ್ದೇನೆ. ಸರಿಯಾಗಿದೆ."

ಸ್ಕೇಲಿಟ್ಟು ಬರೆದದ್ದು ನಿಜವಷ್ಟೇ ಎಂದು ಒಳಗೊಳಗೇ ಹಿಡಿದುಕೊಂಡಿದ್ದೆ. ತಕ್ಕಡಿಯ ಮುಂದೆ ನಿಂತು ಮೂರು ಚಿಕ್ಕ ಗಿಟುಕುಗಳನ್ನು ಇಟ್ಟಿದ್ದ ಕೈ ಅದೇ ಹೊತ್ತಿನಲ್ಲಿ ಬೆನ್ನ ಹಿಂದೆ ಇತ್ತು.

ಆಮೇಲೆ ತಮ್ಮನ್ನು ಕೇಳಿದರು. ತಾವು ಸೇತುವೆಯ ಮಾತು ಹೇಳುತ್ತೀರೆಂದು ನಾನು ಕಾದೆ. ಹೇಳಲಿ, ಹೇಳಿಬಿಡಲಿ, ನಾನು ಪಾರಾಗುತ್ತೇನೆ ಎಂದುಕೊಂಡೆ. ತಾವು ಎದ್ದು ಗೋಡೆಯ ಹತ್ತಿರ ಬಂದಿರಿ. ಹಾರನಹಳ್ಳಿಯ ಕೊಬ್ಬರಿಯ ಕೆಳಗೆ, ಎತ್ತಿ ತೂಕ ನೋಡುವವರ ಹಾಗೆ, ಅಂಗೈಯನ್ನು ಸ್ವಲ್ಪ ಚಾಚಿದಿರಿ. ಆಮೇಲೆ ಕೈ ಕೆಳಗಿಳಿಸಿದಿರಿ.

"ಇಷ್ಟೇನಾ ನಂದು?" — ಯಾರನ್ನೂ ಕೇಳಿದಂತಿರಲಿಲ್ಲ. ಅನಂತರ ಯಜಮಾನರ ಕಡೆ ತಿರುಗಿ, "ಕಣ್ಣಿಗೇ ಕಾಣ್ತಾ ಐತಲ್ಲ ಯಜಮಾನ್ರೇ. ನಾನೇನ್ ಹೇಳ್ಲಿ" ಎಂದಿರಿ.

ಪಾಲುದಾರರು ನಂಬುತ್ತಾರೆಂದು ನಾನು ಊಹಿಸಿದ್ದೆ. ತಾವೇ ನಂಬುತ್ತೀರೆಂದು ಊಹಿಸಿರಲಿಲ್ಲ. ಜಗಲಿಯ ಮೇಲೆ ಮೂರು ಗಾಡಿ, ಎರಡು ಗಾಡಿ ಎಂದು ಸರಿಯಾಗಿ ಹೇಳಿದ ಅದೇ ಬಾಯಿ — ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ — ನನ್ನ ಬಣ್ಣದ ಮುಂದೆ ಆ ಲೆಕ್ಕವನ್ನೇ ಬಿಟ್ಟುಕೊಟ್ಟಿತು. ಇದಕ್ಕೆ ನಾನು ಇಂದಿಗೂ —

ಗೋಡೌನನ್ನು ಮುಚ್ಚುವ ತೀರ್ಮಾನ ಕಾಫಿ ಆರುವುದರೊಳಗೆ ಆಯಿತು. ಗಂಡಸಿಯಲ್ಲಿ ತಮಗಿಂತ ಕಿರಿಯನ ಕೈಕೆಳಗೆ ಚೀಲ ಹೊಲಿಸುವ ಉಸ್ತುವಾರಿಯನ್ನು ಕೊಡುವುದಾಗಿ ಹೇಳಿದರು; ತಾವು ಕೈಮುಗಿದು ಬೇಡವೆಂದಿರಿ. ಹಾರನಹಳ್ಳಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸರು ಮಂಡಿಯ ಬಾಗಿಲಿಗೆ ಬಂದು ಕೇಳಿದಾಗ ಅವರಿಗೆ ಉತ್ತರ ಹೇಳಿ ಕಳುಹಿಸಿದವನು ನಾನೇ. ಆ ವರ್ಷವೇ ನನ್ನ ಕೆಲಸ ಖಾಯಂ ಆಯಿತು. ಮುಂದಿನ ಸಭೆಗಳಿಗೂ ಚಿತ್ರ ಬರೆಯಲು ನನ್ನನ್ನೇ ಕರೆದರು. ಅವೆಲ್ಲವನ್ನೂ ಸರಿಯಾಗಿ ಬರೆದೆನೆಂದು ಹೇಳಿಕೊಳ್ಳಬಲ್ಲೆ. ಅದರಿಂದ ತಮಗೆ ಬಂದ ಲಾಭವೇನೂ ಇಲ್ಲ.

ತಾವು ಬೇಲೂರಿನ ಕಡೆ ಹೋಗಿ ಬಿಕ್ಕೋಡಿನ ಹತ್ತಿರದ ಕಾಫಿ ತೋಟದಲ್ಲಿ ರೈಟರ್ ಆಗಿ ಸೇರಿದಿರೆಂದು ಕೇಳಿದೆ. ಆಳುಗಳ ಹಾಜರಿ ಹಾಕುವ ಕೆಲಸ. ಕೊಬ್ಬರಿಯ ವಾಸನೆ ಇಲ್ಲದ ಊರಿನಲ್ಲಿ ತಾವು ಹೇಗಿರುವಿರೋ ಎಂದು ಯೋಚಿಸಿದೆ, ಯೋಚಿಸಿ ಸುಮ್ಮನಾದೆ.

ನಮ್ಮ ಜೈನರಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಎಲ್ಲರಲ್ಲಿಯೂ ಕ್ಷಮೆ ಕೇಳುವ ಪದ್ಧತಿ ಇರುವುದು ತಮಗೆ ತಿಳಿದೇ ಇದೆ. ಹಿರಿಯರು ಕಿರಿಯರೆನ್ನದೆ ಎದುರಿಗೆ ಸಿಕ್ಕವರಿಗೆ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ, ಅಂಥ ದಿನಗಳಲ್ಲಿಯೇ, ಬೇಲೂರಿನ ಬಸ್ ನಿಲ್ದಾಣದಲ್ಲಿ ತಾವೂ ತಮ್ಮ ಶ್ರೀಮತಿ ಗೌರಮ್ಮನವರೂ ಎದುರಾದಿರಿ. ತಮ್ಮ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ಕೈಮುಗಿದು ಅದೇ ಮಾತನ್ನು ಹೇಳಿದೆ.

"ನಿನ್ದೇನ್ಲಾ ತಪ್ಪು?" ಎಂದು ನಕ್ಕಿರಿ. "ನೀನ್ ಬರ್ದಿದ್ದು ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು, ಗೋಡೌನನ್ನ ಯಾವ ಮಟ್ಟಕ್ಕೆ ಇಳ್ಸಿದ್ದೆ ಅಂತ. ಈಗ ಕೊಬ್ಬರಿ ಸಾವಾಸಕ್ಕೇ ಹೋಗಲ್ಲ ಕಣೋ. ತೋಟದಲ್ಲಿ ನಾಕು ತೆಂಗಿನ ಮರ ಐತೆ, ಅದ್ರ ಕಾಯಿಗೆ ಬೆಲೆ ಕಟ್ಟಾಕೂ ಬೇರೇರನ್ನ ಕರೀತೀನಿ. ನನ್ ಕಣ್ ಮೇಲೆ ನಂಗೇ ನಂಬಿಕೆ ಹೋಯ್ತು."

ಗೌರಮ್ಮನವರು ಚೀಲವನ್ನು ಸೊಂಟಕ್ಕೇರಿಸಿಕೊಂಡು, "ಊರ್ನೋರ ಕೊಬ್ಬರಿಗೆಲ್ಲಾ ನಿಂತಲ್ಲೇ ತೂಕ ಹೇಳೋರಪ್ಪಾ ಇವ್ರು. ತಮ್ಮ ಕಾಲ ಬುಡಕ್ಕೆ ನೀರು ಬಂದಿದ್ದು ಕಾಣ್ಲಿಲ್ಲ ನೋಡು" ಎಂದರು.

"ಸುಮ್ಕಿರೇ. ಹುಡುಗನ ಮುಂದೆ ಯಾಕೆ?"

"ಸುಮ್ಕಿದ್ದು ಸುಮ್ಕಿದ್ದೇ ಬಿಕ್ಕೋಡಿಗೆ ಬಂದ್ವಿ."

ಅಷ್ಟರಲ್ಲಿ ಹಳೇಬೀಡಿನ ಬಸ್ಸು ಬಂದಿತು. ಮುಂದಿನ ಬಸ್ಸಿಗೆ ಹೋಗಬಹುದಿತ್ತು. ಅಲ್ಲಿಯೇ ನಿಂತು, ಅಮ್ಮಾ, ಇವರ ಕಣ್ಣು ಸರಿಯಾಗಿಯೇ ಇತ್ತು ಎಂದು ಹೇಳಬಹುದಿತ್ತು. ನಾನು ಬಸ್ಸು ಹತ್ತಿದೆ. ಕಿಟಕಿಯಿಂದ ಕೈಬೀಸಿದೆ ಕೂಡ.

ಈ ವರ್ಷ ಹಳೇಬೀಡಿನ ಬಸದಿಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿಯುತ್ತಿದ್ದಾಗ ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಯಾಕೋ ಶಾಂತರಾಜ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?" ಎಂದು ಚಿಕ್ಕಪ್ಪ ಗದರಿದರು. ತಿಳಿದೋ ತಿಳಿಯದೆಯೋ — ಇವೆರಡರಲ್ಲಿ ನನ್ನದು ಯಾವುದೆಂದು ನನಗೆ ಗೊತ್ತು. ಹೆಸರಿಲ್ಲದ ಕ್ಷಮೆಯನ್ನು ವರ್ಷವರ್ಷವೂ ಕೇಳಿ, ಹೆಸರಿರುವ ತಪ್ಪನ್ನು ಅದರ ಕೆಳಗೆ ಬಚ್ಚಿಟ್ಟಿದ್ದೆ.

ಅದಾದ ಮೇಲೆ ಯಜಮಾನರ ಮನೆಗೆ ಹೋಗಿ, ತಕ್ಕಡಿಯ ಸಂಗತಿ ಸಹಿತ ಎಲ್ಲವನ್ನೂ ಹೇಳಿದೆ. ಅವರಿಗೂ ಈಗ ವಯಸ್ಸಾಗಿದೆ.

"ಈಗ ಬಂದು ಹೇಳ್ತೀಯಲ್ಲಯ್ಯಾ. ಆ ಗೋಡೌನಲ್ಲಿ ಹಿಟ್ಟಿನ ಗಿರಣಿ ಕೂತು ಎಷ್ಟು ಕಾಲ ಆಯ್ತು." ಆಮೇಲೆ ಎಲ್ಲೋ ನೋಡುತ್ತ, "ಅಂಕಿ ಹಾಳೆ ನನ್ನ ಮುಂದೇನೇ ಇತ್ತು. ನಾನೂ ನೋಡ್ಲಿಲ್ಲ" ಎಂದರು.

ಆ ಮಾತಿನಿಂದ ನನ್ನ ಎದೆ ಒಂದು ಕ್ಷಣ ಹಗುರಾಯಿತು. ಹಗುರಾದದ್ದಕ್ಕೆ ನಾಚಿದೆ. ಅವರು ನೋಡದಿದ್ದುದು ಅವರ ಮಾತು, ನಾನು ನೋಡಿದ್ದೆ. ಆದುದರಿಂದ ಅವರ ಮಾತನ್ನು ನನ್ನ ಪರವಾಗಿ ಇಲ್ಲಿ ಬಳಸಿಕೊಳ್ಳುತ್ತಿಲ್ಲ. ಹೇಳಿಕೆಯನ್ನು ಅವರಿಗೂ ಮುಟ್ಟಿಸಿದ್ದೇನೆಂದು ತಮಗೆ ತಿಳಿಯಲೆಂದು ಮಾತ್ರ ಬರೆದಿದ್ದೇನೆ.

ಗಂಗಾಧರಣ್ಣ — ಈ ಪತ್ರದಲ್ಲಿ ಹೀಗೆ ಕರೆಯಬಾರದೆಂದಿದ್ದೆ, ಆ ಹಕ್ಕನ್ನು ಕಳೆದುಕೊಂಡವನು ನಾನು — ಆ ಬೆಳಿಗ್ಗೆ ಜಗಲಿಯ ಮೇಲೆ ನೀವು ಹೇಳಿದ ಲೆಕ್ಕ ಸರಿಯಾಗಿತ್ತು. ಗೋಡೌನನ್ನು ನೀವು ಯಾವ ಮಟ್ಟಕ್ಕೂ ಇಳಿಸಿರಲಿಲ್ಲ. ಗೋಡೆಯ ಮೇಲೆ ನೀವು ಕಂಡ ಕೊಬ್ಬರಿ ಯಾವ ತೋಟದಲ್ಲಿಯೂ ಬೆಳೆದದ್ದಲ್ಲ. ಅದನ್ನು ನೀವು ಸರಿಯಾಗಿಯೇ ತೂಗಿದಿರಿ. ಅದು ಅಷ್ಟೇ ಇತ್ತು. ಸುಳ್ಳು ಕೊಬ್ಬರಿಯ ನಿಜವಾದ ತೂಕವನ್ನು ಹೇಳಿದ್ದಕ್ಕೆ ಇಷ್ಟು ವರ್ಷ ನಿಮ್ಮ ಕಣ್ಣನ್ನು ನೀವೇ ನಂಬದೆ ಕುಳಿತಿದ್ದೀರಿ.

ಕ್ಷಮೆಯನ್ನು ಈ ಪತ್ರದಲ್ಲಿ ಬೇಡುತ್ತಿಲ್ಲ. ತಾವು ಉತ್ತರ ಬರೆಯುವ ಅಗತ್ಯವೂ ಇಲ್ಲ. ಕಾಗದದಲ್ಲಿ ಹೇಳಿ ಕೈತೊಳೆದುಕೊಂಡೆನೆಂದು ಆಗಬಾರದು. ಆದುದರಿಂದ ಬರುವ ಭಾನುವಾರ ಬೇಲೂರಿನ ಮೇಲೆ ಬಿಕ್ಕೋಡಿಗೆ ಖುದ್ದಾಗಿ ಬರುತ್ತಿದ್ದೇನೆ. ಇಲ್ಲಿ ಬರೆದುದನ್ನು ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ, ತೋಟದ ಆಳುಗಳು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಆ ಹೊತ್ತಿನಲ್ಲಿ ಗೌರಮ್ಮನವರು ಮನೆಯಲ್ಲಿರಬೇಕೆಂದು ಮಾತ್ರ ತಮ್ಮಲ್ಲಿ ವಿನಂತಿ.

ಶಾಂತರಾಜ